ಜವಳಕ್ಕೆ ಹೊರಟ ಹಾಯಿದೋಣಿ

ಹಾಯಿದೋಣಿ ಎಂದರೆ ಏನು? ಒಂದು ಕಂಬ, ಒಂದು ಅರಿವೆ, ನಾಲ್ಕು ಹಗ್ಗ. ಕೈಮಗ್ಗ ಎಂದರೆ ಏನು? ನಾಲ್ಕು ಕಂಬ, ಒಂದು ಅರಿವೆ, ನೂರು ಹಗ್ಗ. ನೂರು ಹಗ್ಗದ ಮಗ್ಗ ನಡೆಸುವವನಿಗೆ ನಾಲ್ಕು ಹಗ್ಗದ ದೋಣಿ ಯಾವ ಗಿಡದ ತೊಪ್ಪಲು? ಹೀಗೆ ವಿಚಾರ ಮಾಡಿಯೇ ನಾನು ಆ ಕೆಲಸಕ್ಕೆ ಕೈ ಹಾಕಿದೆ. ವಿಚಾರದಲ್ಲಿ ತಪ್ಪಿರಲಿಲ್ಲ. ಅದು ಹೊಳೆಗೆ ಗೊತ್ತಿರಲಿಲ್ಲ, ಅಷ್ಟೆ.

ನಾನು ಬನಹಟ್ಟಿಯ ನೇಕಾರ ಈರಪ್ಪ. ಮೂರನೇ ಇಯತ್ತೆಯವರೆಗೆ ಸಾಲೆ ಕಲಿತೆ. ನಾಲ್ಕನೆಯದಕ್ಕೆ ಹೋಗಲು ನನಗೆ ಪುರಸೊತ್ತು ಇರಲಿಲ್ಲ. ಈ ಸಂಗತಿ ನಡೆದಾಗ ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದಿತ್ತು. ಸರಕಾರ ಬದಲಾದರೂ ಕೃಷ್ಣಾ ಹೊಳೆ ಬದಲಾಗಿರಲಿಲ್ಲ. ಮಳೆಗಾಲ ಬಂತೆಂದರೆ ಆಚೆ ದಂಡೆ ಆಚೆಗೆ, ಈಚೆ ದಂಡೆ ಈಚೆಗೆ.

ನನ್ನ ಅಕ್ಕ ಶಾಂತವ್ವನನ್ನು ಕೊಟ್ಟದ್ದು ಆಚೆ ದಂಡೆಗೆ. ರಬಕವಿಯ ಹೊಳೆದಂಡೆಯಲ್ಲಿ ನಿಂತರೆ ಅವಳ ಊರು ಎದುರಿಗೇ ಕಾಣುತ್ತದೆ. ಅವಳಿಗೆ ಒಬ್ಬನೇ ಮಗ, ಬಾಳು. ಅವನ ಜವಳ ತೆಗೆಯುವುದಿತ್ತು. ಜವಳವೆಂದರೆ ಕೂಸಿನ ಮೊದಲ ಕೂದಲು. ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೊದಲ ಎಳೆಗೆ ಕತ್ತರಿ ಹಾಕಬೇಕು, ಆಮೇಲೆಯೇ ಕ್ಷೌರದ ನಾವಲಿಗ ಮುಟ್ಟಬೇಕು. ಅವರ ಮನೆತನದಲ್ಲಿ ಅದು ಶ್ರಾವಣದ ಎರಡನೇ ಸೋಮವಾರವೇ ಆಗಬೇಕು. ಅದೂ ಬೆಸ ವರ್ಷದಲ್ಲಿ. ಒಂದನೇ ವರ್ಷ, ಇಲ್ಲ ಮೂರು, ಇಲ್ಲ ಐದು.

ಒಂದನೇ ವರ್ಷ ನಾನು ಹೋಗಲಿಲ್ಲ. ಹೋಗಲು ದಂಡೆಗೇನೋ ಹೋಗಿದ್ದೆ. ಹೊಳೆ ತುಂಬಿತ್ತು, ಗಾಳಿ ಎದ್ದಿತ್ತು. ಹರಗೋಲು ನಡೆಸುವ ಅಂಬಿಗರ ಹಣಮಂತ ತಂಬಾಕು ತಿಕ್ಕುತ್ತ ಕೂತಿದ್ದ.

"ಗಾಳಿ ಇಳಿಯೂ ತನಕಾ ಕೂಡು, ಈರಪ್ಪ."

"ಎಷ್ಟೊತ್ತಿಗೆ ಇಳೀತೈತಿ?"

"ಅದು ಗಾಳಿಗೆ ಗೊತ್ತು."

ನಾನು ಒಂದು ತಾಸು ಕೂತೆ. ಆಮೇಲೆ ಎದ್ದು ಮನೆಗೆ ಬಂದು ಮಗ್ಗದಲ್ಲಿ ಕೂತೆ. ಹೊಳೆ ಬಿಡಲಿಲ್ಲ ಎಂದು ಹೇಳಿ ಕಳಿಸಿದೆ. ಆದರೆ ಆ ದಿನ ಇಳಿಹೊತ್ತಿಗೆ ಗಾಳಿ ನಿಂತು, ಹಣಮಂತ ಎರಡು ಸಲ ಹೋಗಿ ಬಂದ ಸುದ್ದಿ ಅಕ್ಕನಿಗೆ ಮುಟ್ಟಿತ್ತು. ಮುಂದಿನ ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ನಡೆದು ಅವಳ ಮನೆಗೆ ಹೋದೆ. ಅಕ್ಕ ನೀರು ಕೊಟ್ಟಳು. ಮಾತು ಕೊಡಲಿಲ್ಲ.

ಬಾಳುವಿನ ಕೂದಲು ಬೆಳೆಯಿತು. ಮೂರನೇ ವರ್ಷಕ್ಕೆ ಬೆನ್ನ ಮೇಲೆ ಜಡೆ ಬಿತ್ತು. ಬಂದವರೆಲ್ಲ "ಹೆಣ್ಣುಕೂಸು ಎಷ್ಟು ಚಂದ ಐತಿ" ಎನ್ನತೊಡಗಿದರು. ಅಕ್ಕ ಹಣಮಂತನ ಕೈಯಲ್ಲಿ ಹೇಳಿ ಕಳಿಸಿದಳು. ಅವನು ಮಗ್ಗದ ಮುಂದೆ ನಿಂತು ಒಂದು ಅಕ್ಷರ ಬಿಡದೆ ಒಪ್ಪಿಸಿದ:

"ಈ ಶ್ರಾವಣಕ್ಕ ಬರ್ಲಿಲ್ಲಂದ್ರ ನನ್ನ ಮಗ ಜಡಿ ಹಾಕ್ಕೊಂಡು ಸಾಲಿಗೆ ಹೋಗಬೇಕಾಕ್ಕೈತಿ. ನನಗ ತಮ್ಮ ಇಲ್ಲ ಅಂತ ತಿಳ್ಕೋತೇನಿ. ಹಿಂಗಂತ ಹೇಳ್ಯಾಳಪಾ. ನಾ ಅಂದದ್ದಲ್ಲ."

ಆಗ ನಾನು ನಿಶ್ಚಯ ಮಾಡಿದೆ. ಗಾಳಿ ಇಳಿಯಲಿ ಎಂದು ಕಾಯುವ ಹರಗೋಲು ನನಗೆ ಬೇಡ. ಗಾಳಿ ಎದ್ದಷ್ಟೂ ಓಡುವ ದೋಣಿ ಬೇಕು!

ಅಂಥ ದೋಣಿ ಇಡೀ ಸೀಮೆಯಲ್ಲಿ ಒಂದೇ ಇತ್ತು. ಜಮಖಂಡಿಯ ಕುಲಕರ್ಣಿ ರಾಯರ ಹಿತ್ತಲಲ್ಲಿ. ರಾಯರು ರತ್ನಾಗಿರಿ ಕಡೆ ಬಂದರಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಬರುವಾಗ ನಾಲ್ಕಾಳು ಕೂಡುವ ಒಂದು ಸಣ್ಣ ಹಾಯಿದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಜಮಖಂಡಿಯಲ್ಲಿ ಸಮುದ್ರವಿಲ್ಲ ಎಂಬುದು ಲಾರಿ ಇಳಿಸಿದ ಮೇಲೆ ಅವರ ಮನೆಯವರ ಧ್ಯಾನಕ್ಕೆ ಬಂತು. ಅಂದಿನಿಂದ ಅದರಲ್ಲಿ ಸಗಣಿಯ ಕುಳ್ಳು ಒಟ್ಟುತ್ತಿದ್ದರು.

ನಾನು ಕೇಳಿದ್ದೇ ತಡ, ರಾಯರ ಕಣ್ಣಲ್ಲಿ ನೀರು ಬಂತು.

"ರೊಕ್ಕದ ಮಾತು ಆಡಬ್ಯಾಡೋ ಈರಪ್ಪ. ಒಯ್ಯಿ. ಒಂದೇ ಕರಾರು. ಮೊದಲನೇ ಸಲ ಬಿಡುವಾಗ ನನ್ನೂ ಕೂಡಿಸಿಕೊಂಡು ಹೋಗಬೇಕು."

"ಅದಕ್ಕೇನ್ರಿ! ನೀವ ನಡಸೂವಂತ್ರಿ."

ರಾಯರು ಒಂದು ಹಳೆಯ ವಹಿ ತೆಗೆದರು. ಭಾರೀ ಗಾಳಿಗೆ ದೋಣಿಯನ್ನು ಹೇಗೆ ತಯಾರು ಮಾಡಬೇಕು ಎಂದು ಮರಾಠಿಯ ಮೋಡಿ ಅಕ್ಷರದಲ್ಲಿ ಬರೆದಿದ್ದರು. ಓದಿ ಹೇಳುತ್ತ ಹೋದರು. ನಾನು "ಹೂಂ" ಎನ್ನುತ್ತ ಹೋದೆ. ಅರ್ಧ ತಾಸಾದ ಮೇಲೆ ನನಗೆ ಬೇಸರ ಬಂತು.

"ರಾಯರ, ಕಟ್ಟಾಕಡಿಗೆ ಏನ ಮಾಡಬೇಕು ಅಷ್ಟ ಹೇಳ್ರಿ."

"ಸಂದಿ ಮುಚ್ಚಬೇಕು. ತಳದಾಗ ಭಾರ ಇಡಬೇಕು. ಶೀಡ, ಅಂದ್ರ ಹಾಯಿ, ಗಟ್ಟಿ ಇರಬೇಕು. ಗಾಳಿ ಹೆಚ್ಚಾದ್ರ ಅದನ್ನ ಅರ್ಧ ಮಡಚಲಿಕ್ಕೆ ಬರಬೇಕು. ಮತ್ತ ಹಗ್ಗದ ಗಂಟು ಎಳೆದ ಕೂಡಲೆ ಬಿಚ್ಚಬೇಕು."

ಇದರಲ್ಲಿ ಮೊದಲಿನ ಮೂರು ನನಗೆ ಸರಿ ಕಂಡವು.

ದೋಣಿ ಚಕ್ಕಡಿಯ ಮೇಲೆ ಬನಹಟ್ಟಿಗೆ ಬಂತು. ಓಣಿ ತುಂಬಾ ಜನ. ನನ್ನ ಹೆಂಡತಿ ಗೌರವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರಿ ಇದು?"

"ದೋಣಿ."

"ಅದು ಕಾಣತೈತ್ರಿ. ನಮ್ಮ ಮನಿ ಮುಂದ ಯಾಕ ಐತಿ?"

ನಾನು ಜವಳದ ಯೋಜನೆಯನ್ನು ಸವಿಸ್ತಾರವಾಗಿ ತಿಳಿಸಿದೆ. ಆಕೆ ಪೂರಾ ಕೇಳಿದಳು.

"ಅಲ್ರೀ, ಆವತ್ತ ನಸೀಕಿನ್ಯಾಗ ಎದ್ದು ಹಣಮಂತನ ಹರಗೋಲದಾಗ ಹೋದ್ರ ಆಗಂಗಿಲ್ಲೇನು? ಹೊತ್ತ ಮೂಡೂವಾಗ ಗಾಳಿ ಇರಂಗಿಲ್ಲ."

ಹೆಂಗಸರ ಬುದ್ಧಿ ಇಷ್ಟೇ. ಸಣ್ಣ ಉಪಾಯ ಸಿಕ್ಕರೆ ದೊಡ್ಡ ಉಪಾಯದ ಕಡೆಗೆ ನೋಡುವುದೇ ಇಲ್ಲ.

ಸಂದಿಗಳಿಗೆ ಹತ್ತಿ ತುಂಬಿ ಡಾಂಬರು ಬಳಿದೆ. ಅದು ಹಣಮಂತ ಹೇಳಿಕೊಟ್ಟದ್ದು, ಹೀಗಾಗಿ ಅದೊಂದು ಕಡೆಯವರೆಗೂ ಸರಿ ಇತ್ತು. ತಳಕ್ಕೆ ಭಾರ ಬೇಕಲ್ಲ? ಮನೆಯಲ್ಲಿ ತಿರುಗಾಡಿ ನೋಡಿದೆ. ಬೀಸುಕಲ್ಲು ಕಣ್ಣಿಗೆ ಬಿತ್ತು. ಎರಡೂ ಹೋಳು ಎತ್ತಿ ದೋಣಿಯಲ್ಲಿಟ್ಟು ಡಾಂಬರಿನಿಂದ ಕೂಡಿಸಿಬಿಟ್ಟೆ. ಅಲುಗಾಡಬಾರದು ನೋಡಿ!

ಸಂಜೆಗೆ ಗೌರವ್ವ ಜೋಳದ ಬುಟ್ಟಿ ಹಿಡಿದುಕೊಂಡು ಬಂದು ಬೀಸುಕಲ್ಲಿದ್ದ ಜಾಗ ನೋಡಿದಳು. ನನ್ನನ್ನು ನೋಡಿದಳು.

"ಜ್ವಾಳ ಎದರಾಗ ಬೀಸ್ಲಿ? ನಿಮ್ಮ ತಲೀಮ್ಯಾಲೆ?"

"ಜವಳಾ ಮುಗಿಯೂ ತನಕಾ ನೀಲವ್ವನ ಮನ್ಯಾಗ ಬೀಸ್ಕೊಂಡು ಬಾ."

ನೀಲವ್ವ ಎದುರುಮನೆಯ ಮುದುಕಿ. ಬೀಸಲು ಹೋದವರ ಮನೆಯ ಸುದ್ದಿಯೆಲ್ಲ ಹಿಟ್ಟಿಗಿಂತ ಸಣ್ಣಗೆ ಬೀಸುವವಳು. ಎರಡೇ ದಿನದಲ್ಲಿ ನಾನು ಕಲ್ಲು ಕಟ್ಟಿಕೊಂಡು ಹೊಳೆಗೆ ಹಾರುತ್ತೇನೆ ಎಂದು ಊರಲ್ಲಿ ಸುದ್ದಿಯಾಯಿತು. ಇಬ್ಬರು ಹಿರಿಯರು ಮನೆಗೆ ಬಂದು ನನಗೆ ಬುದ್ಧಿ ಹೇಳಿ ಚಹಾ ಕುಡಿದು ಹೋದರು.

ಇನ್ನು ಹಾಯಿ. ಇಲ್ಲಿ ನನಗೆ ಯಾರೂ ಏನೂ ಹೇಳುವ ಕಾರಣವಿರಲಿಲ್ಲ. ಅರಿವೆ ನಮ್ಮ ಕಸುಬು. ಆಗ ಮಗ್ಗದ ಮೇಲೆ ಹಸಿರು ಸೀರೆಯ ಹಾಸುನೂಲು ಏರಿತ್ತು. ಅದನ್ನು ಇಳಿಸಿ ಬೇರೆ ಹಾಸು ಏರಿಸಬೇಕೆಂದರೆ ವಾರ ಬೇಕು. ಅಷ್ಟು ತಾಳ್ಮೆ ನನ್ನದಲ್ಲ. ಅದರಲ್ಲೇ ನೇಯ್ದೆ. ಗಾಳಿ ಒಂದು ಎಳೆಯೂ ತೂರಬಾರದು ಎಂದು ಬಡಿದು ಬಡಿದು ನೇಯ್ದೆ. ಅಂಚಿಗೆ ಕೆಂಪು ದಡಿಯೂ ಬಂತು, ಸೆರಗೂ ಬಂತು. ಹಾಯಿಗೆ ದಡಿ ಯಾಕೆ ಎಂದು ಕೇಳಬಹುದು. ದಡಿ ಇಲ್ಲದ ಅರಿವೆ ನಮ್ಮ ಕೈಯಿಂದ ಹೊರಡುವುದಿಲ್ಲ. ಮೂರು ಸೀರೆಯ ಅಗಲವನ್ನು ಸೇರಿಸಿ ಹೊಲಿಸಿದೆ.

ಗಟ್ಟಿ ಇರಬೇಕು ಎಂದಿದ್ದರಲ್ಲ ರಾಯರು? ನೇಕಾರನಿಗೆ ಗಟ್ಟಿ ಅಂದರೆ ಗಂಜಿ. ನೂಲು ಗಟ್ಟಿಯಾಗಬೇಕೆಂದರೆ ಗಂಜಿ ಹಾಕುತ್ತೇವೆ, ಇನ್ನೂ ಗಟ್ಟಿ ಬೇಕೆಂದರೆ ಇನ್ನೂ ಹಾಕುತ್ತೇವೆ. ಎರಡು ಹಂಡೆ ಗಂಜಿ ಕಾಯಿಸಿ, ಹಾಯಿಯನ್ನು ಓಣಿಯ ಉದ್ದಕ್ಕೆ ಎಳೆದು ಕಟ್ಟಿ, ನಾಲ್ಕು ಸಲ ಬಳಿದೆ. ಒಣಗಿದ ಮೇಲೆ ಬಾರಿಸಿದರೆ ಹಲಗೆಯಂತೆ ಸಪ್ಪಳ ಬಂತು. ನನಗೆ ಅಭಿಮಾನವಾಯಿತು. ಊಟಕ್ಕೆ ಒಳಗೆ ಹೋಗಿ ಬರುವುದರಲ್ಲಿ ನೀಲವ್ವನ ಎಮ್ಮೆ ಒಂದು ಮೂಲೆಯನ್ನು ನೆಕ್ಕಿ ನೆಕ್ಕಿ ಮೆತ್ತಗೆ ಮಾಡಿ, ಸೆರಗನ್ನು ಗೇಣುದ್ದ ನುಂಗಿ ನಿಂತಿತ್ತು.

"ಲೇ ಈರ್‍ಯಾ!" ನೀಲವ್ವ ಓಡಿ ಬಂದಳು. "ನನ್ನ ಎಮ್ಮಿಗೆ ಏನ ತಿನಸಾಕತ್ತಿ?"

"ನಾ ತಿನಸಾಕತ್ತಿಲ್ಲಬೇ, ಅದ ತಿನ್ನಾಕತ್ತೈತಿ! ನನ್ನ ಹಾಯಿ ಬಿಡಸ!"

"ಹೊಟ್ಟಿ ಉಬ್ಬಿತಂದ್ರ ನೋಡ ಮತ್ತ, ನಿನ್ನ ಮಗ್ಗದಾಗ ತಂದು ಕಟ್ತೇನಿ!"

ಇಬ್ಬರೂ ಹಿಡಿದು ಎಳೆದೆವು. ಎಮ್ಮೆಗೆ ಮನಸ್ಸಿರಲಿಲ್ಲ. ಕಡೆಗೆ ಬಿಟ್ಟಿತು. ಆ ಮೂಲೆಗೆ ಐದನೇ ಸಲ ಗಂಜಿ ಬಳಿದೆ.

ರಾಯರು ಜಮಖಂಡಿಯಿಂದ ನೋಡಲು ಬಂದರು. ಹಾಯಿಯನ್ನು ಮುಟ್ಟಿದರು. ಬೆರಳಿನಿಂದ ಬಾರಿಸಿದರು.

"ಇದನ್ನ ಮಡಚೋದು ಹ್ಯಾಂಗೋ?"

"ಮಡಚಬಾರದ್ರಿ. ಗಂಜಿ ಮುರದು ಗೆರಿ ಬೀಳತಾವು. ಗೆರಿ ಬಿದ್ದ ಅರಿವಿ ನಮ್ಮ ಪ್ಯಾಟ್ಯಾಗ ಯಾರೂ ಕೈಲೆ ಮುಟ್ಟಂಗಿಲ್ಲ."

"ಮತ್ತ ಗಾಳಿ ಜೋರಾದ್ರ?"

"ಜೋರ್ ಆಗ್ಲೆಂತನ ಅಲ್ಲೇನ್ರಿ ಇಷ್ಟೆಲ್ಲಾ ಮಾಡೂದು?"

ರಾಯರು ವಹಿಯಲ್ಲಿ ಏನೋ ಹುಡುಕಿದರು. ಎರಡು ಸಲ ಹಾಳೆ ತಿರುವಿ ವಹಿ ಮುಚ್ಚಿದರು.

ಹಗ್ಗಗಳನ್ನು ನಾನೇ ಕಟ್ಟಿದೆ. ಎಳೆದ ಕೂಡಲೇ ಬಿಚ್ಚುವ ಗಂಟು ಗಂಟೇ ಅಲ್ಲ. ನೇಕಾರರ ಗಂಟು ಬೇರೆ. ಮಗ್ಗದಲ್ಲಿ ಲಕ್ಷ ಏಟು ತಿಂದರೂ ಬಿಚ್ಚುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ಎಲ್ಲಾ ಕಡೆ ಅದನ್ನೇ ಹಾಕಿದೆ.

ಶ್ರಾವಣದ ಎರಡನೇ ಸೋಮವಾರ ಬಂತು. ಹಿಂದಿನ ದಿನವೇ ದೋಣಿ ರಬಕವಿಯ ದಂಡೆಗೆ ಹೋಗಿತ್ತು. ಜವಳಕ್ಕೆಂದು ಹೊಸ ಕತ್ತರಿ ತಂದಿದ್ದೆ. ಗೌರವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅರಿವೆಯಲ್ಲಿ ಸುತ್ತಿ ನನ್ನ ಸೊಂಟಕ್ಕೆ ಕಟ್ಟಿದಳು.

"ಕೂಸಿನ ಕೂದಲಾ ಬಿಟ್ಟು ಮೊದಲ ಮತ್ತೇನೂ ಕೊಯ್ಯಬ್ಯಾಡ್ರಿ. ಜ್ವಾಕಿ."

"ಅಷ್ಟೂ ತಿಳಿಯಂಗಿಲ್ಲೇನ ನನಗ?"

ಹೊತ್ತು ಮೂಡುವ ಮೊದಲೇ ದಂಡೆಗೆ ಹೋದೆವು. ಹಣಮಂತ ಹರಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊಳೆಯ ಗುಂಟ ಮೇಲಕ್ಕೆ ಹೊರಟಿದ್ದ.

"ಊರು ಎದುರಿಗೈತಿ. ಅತ್ತಾಗ ಎಲ್ಲಿ ಹೊಂಟಿ?" ಎಂದೆ.

"ಮ್ಯಾಲ ಒಂದು ಹರದಾರಿ ನಡದು ಹೋಗಿ ಅಲ್ಲಿಂದ ಬಿಡಬೇಕಪಾ. ದಾಟೂದ್ರಾಗ ಹೊಳಿ ತಾನ ಕೆಳಗ ತರತೈತಿ. ಸರಿಯಾಗಿ ಊರ ಮುಂದ ಹತ್ತತೈತಿ. ನಿನ್ನ ದೋಣಿನೂ ಮ್ಯಾಲ ಒಯ್ಯಿ."

ನೇರ ದಾರಿ ಇರುವಾಗ ಸುತ್ತಿ ಹೋಗುವುದು ನನಗೆ ಆಗುವುದಿಲ್ಲ. ಹಾಗಂತ ಹೇಳಿದೆ. ಹಣಮಂತ ನನ್ನ ಹಾಯಿಯನ್ನು ಕೆಳಗಿನಿಂದ ಮೇಲೆ ನೋಡಿ, "ಸೀರಿ ಚಂದ ಐತಿ" ಎಂದ. ಗೌರವ್ವ ಉಡುಗೊರೆಯ ಗಂಟು ಹೊತ್ತು ಅವನ ಹಿಂದೆ ನಡೆದಳು.

"ನೀ ಎಲ್ಲಿ ಹೊಂಟಿ?"

"ಜವಳಕ್ಕ" ಎಂದಳು.

ನಾನೂ ರಾಯರೂ ಗಾಳಿಗಾಗಿ ಕಾಯುತ್ತ ಕೂತೆವು. ಹರಗೋಲು ತಿರುಗುತ್ತ ತಿರುಗುತ್ತ ಹೋಗಿ ಅಕ್ಕನ ಊರ ಮುಂದೆ ಸರಿಯಾಗಿ ಹತ್ತಿದ್ದು ನಮಗೆ ಕಾಣಿಸಿತು. ಅದೊಂದು ಹೆಚ್ಚಿನ ಮಾತಲ್ಲ.

ಹೊತ್ತು ಮಾರುದ್ದ ಏರಿದಾಗ ಪಡುವಣ ಗಾಳಿ ಎದ್ದಿತು. ಗಿಡಗಳು ಬಾಗಿದವು. ರಾಯರ ಟೊಪ್ಪಿಗೆ ಹಾರಿ ತೇರದಾಳದ ಕಡೆಯಿಂದ ಬಂದವರ ಚಕ್ಕಡಿಯಲ್ಲಿ ಬಿತ್ತು. ಇದೇ ಗಾಳಿ ನನಗೆ ಬೇಕಾದದ್ದು! ದಂಡೆಯಲ್ಲಿದ್ದವರು ನಾಲ್ಕು ಮಂದಿ ದೋಣಿ ನೂಕಿದರು. ರಾಯರು ಚುಕ್ಕಾಣಿ ಹಿಡಿದರು. ನಾನು ಹಾಯಿ ಏರಿಸಿ ಗಂಟು ಹಾಕಿದೆ.

ಹತ್ತು ಎಣಿಸುವಷ್ಟು ಹೊತ್ತು ನಾನು ದೊಡ್ಡ ನಾವಿಕನಾಗಿದ್ದೆ. ದೋಣಿ ಬಾಣದಂತೆ ಹೋಯಿತು. ಹೊಳೆಯ ಅರ್ಧ ದಾಟಿದ್ದೇ ತಿಳಿಯಲಿಲ್ಲ. ಅಲ್ಲಿ ನಡುಹೊಳೆಯ ಸೆಳವು ಬಂದು ದೋಣಿಯ ಮೂತಿಯನ್ನು ಮೂಡಣಕ್ಕೆ ತಿರುಗಿಸಿತು. ಹೊಳೆ ಹರಿಯುವುದು ಮೂಡಣಕ್ಕೆ. ಗಾಳಿ ಬೀಸುವುದು ಮೂಡಣಕ್ಕೆ. ನನ್ನ ಅಕ್ಕನ ಊರು ಇರುವುದು ಬಡಗಣಕ್ಕೆ. ಮೂವರಲ್ಲಿ ಇಬ್ಬರು ಒಂದು ಕಡೆ ಆದರು.

"ರಾಯರ, ಎಡಕ್ಕ ಹೊಳ್ಳಸ್ರಿ!"

"ಹೊಳ್ಳಸ್ಲಿಕ್ಕೆ ಹತ್ತೇನೋ! ಹೊಳ್ಳವಲ್ದು!"

"ಸಮುದ್ರದಾಗ ಹಿಂಗಾದ್ರ ಏನ ಮಾಡ್ತಿದ್ರಿ?"

"ನಾ ಎಲ್ಲೆ ಸಮುದ್ರಕ್ಕ ಹೋಗ್ತಿದ್ದೆ? ನಾ ಬಂದರಿನ ಕಚೇರಿಯೊಳಗ ಗುಮಾಸ್ತ ಇದ್ದೆ. ಬಂದ ದೋಣಿ, ಹೋದ ದೋಣಿ ಬರಕೊಳ್ಳೋದು ನನ್ನ ಕೆಲಸ. ದೋಣಿ ಏರಿದ್ರ ನನಗ ಹೊಟ್ಟಿ ತೊಳಸ್ತದ."

"ಮತ್ತ ಆ ವಹಿ?"

"ಅವರಿವರು ಮಾತಾಡೋದು ಕೇಳಿ ಬರದದ್ದು. ಅಕ್ಷರ ಛಲೋ ಅವ ಇಲ್ಲೋ?"

ಇಷ್ಟು ಹೇಳಿ ರಾಯರು ಪಕ್ಕಕ್ಕೆ ಬಾಗಿ ಹೊಟ್ಟೆ ತೊಳೆಸುತ್ತದೆಂಬುದನ್ನು ಸಿದ್ಧ ಮಾಡಿ ತೋರಿಸಿದರು.

ಅಷ್ಟರಲ್ಲಿ ಅಕ್ಕನ ಊರು ಬಂತು. ಖರೇನೇ ಬಂತು. ದಂಡೆಯ ಮೇಲೆ ಊರಿನ ಮಂದಿಯೆಲ್ಲ ನಿಂತಿತ್ತು. ಗೌರವ್ವ ಇದ್ದಳು. ಹಣಮಂತ ಇದ್ದ. ಅಕ್ಕ ಬಾಳುವನ್ನು ಎತ್ತಿಕೊಂಡು ನಿಂತಿದ್ದಳು, ಅವನ ಜಡೆ ಗಾಳಿಗೆ ಹಾರುತ್ತಿತ್ತು. ಎಲ್ಲರೂ ಕೈ ಬೀಸಿದರು. ನಾನೂ ಬೀಸಿದೆ.

"ಎಲ್ಲಿಗೆ ಹೊಂಟೀರಿ?" ಗೌರವ್ವ ಕೂಗಿದಳು.

"ಜವಳಕ್ಕ!" ನಾನು ಕೂಗಿದೆ.

"ಜವಳಾ ಇಲ್ಲೈತ್ರೀ!"

ಅದು ನನಗೂ ಗೊತ್ತಿತ್ತು. ಊರು ಹಿಂದಕ್ಕೆ ಹೋಯಿತು.

"ಹಾಯಿ ಇಳಸೋ!" ರಾಯರು ಚೀರಿದರು. "ಹಾಯಿ ಇಳಿಸಿದ್ರ ದೋಣಿ ನಿಧಾನ ಆಗ್ತದ. ದಂಡಿಗೆ ಹತ್ತಬಹುದು."

ಗಂಟಿಗೆ ಕೈ ಹಾಕಿದೆ. ಮಗ್ಗದಲ್ಲಿ ಲಕ್ಷ ಏಟು ತಿಂದರೂ ಬಿಚ್ಚದ ಗಂಟು. ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿದೆ. ಒಂದು ಹಲ್ಲು ಸ್ವಲ್ಪ ಸಡಿಲಾಯಿತು, ಗಂಟು ಆಗಲಿಲ್ಲ.

"ನಿನ್ನ ಹತ್ರ ಕತ್ರಿ ಅದ ಇಲ್ಲೋ?"

"ಐತ್ರಿ."

"ಮತ್ತ ಕೊಯ್ಯೋ ಹಗ್ಗಾ!"

"ಬರಂಗಿಲ್ರಿ. ಇದು ಜವಳದ ಕತ್ರಿ. ಕೂಸಿನ ಕೂದಲಾ ಬಿಟ್ಟು ಮೊದಲ ಏನೂ ಕೊಯ್ಯಬಾರದು."

ರಾಯರು ನನ್ನನ್ನು ನೋಡಿದರು. ಹಿಂದೆ ಹೋಗುತ್ತಿರುವ ಊರನ್ನು ನೋಡಿದರು.

"ಜವಳಕ್ಕ ಹೋಗಲಿಕ್ಕೆ ಕತ್ರಿ ಬೇಕು. ಕತ್ರಿ ಹಾಕದಿದ್ರ ಜವಳಕ್ಕ ಹೋಗ್ಲಿಕ್ಕೆ ಆಗಂಗಿಲ್ಲ. ತಿಳೀತದೇನೋ ನಿನಗ?"

"ತಿಳೀತೈತ್ರಿ. ಆದ್ರ ಹಗ್ಗಾ ಕೊಯ್ದ ಕತ್ರಿ ತಗೊಂಡು ಅಕ್ಕನ ಮುಂದ ಹೆಂಗ ನಿಂದರ್ಲಿ?"

"ಅಕ್ಕ ಎಲ್ಲೆ ಇದ್ದಾಳೋ ಈಗ!"

ಈ ಚರ್ಚೆ ಬಹಳ ಹೊತ್ತು ನಡೆಯಿತು. ಚರ್ಚೆಯಲ್ಲಿ ನಾನೇ ಗೆದ್ದೆ. ಅಷ್ಟೊತ್ತಿಗೆ ಎರಡು ಊರು ಹಿಂದೆ ಬಿದ್ದಿದ್ದವು.

ಆಮೇಲೆ ಮಳೆ ಬಂತು. ಗಂಜಿ ನೀರಿಗೆ ಕರಗುತ್ತದೆ. ಇದು ನೇಕಾರರ ಮನೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಹೊಳೆಯಲ್ಲಿ ನೀರು ಇರುತ್ತದೆ ಎಂಬುದೂ ಗೊತ್ತಿತ್ತು. ಇವೆರಡನ್ನೂ ಕೂಡಿಸಿ ನೋಡಿರಲಿಲ್ಲ. ಹಾಯಿಯಿಂದ ಬೆಳ್ಳಗೆ, ದಪ್ಪಗೆ ಇಳಿಯತೊಡಗಿತು. ರಾಯರ ತಲೆ ಮೇಲೆ ಇಳಿಯಿತು. ನನ್ನ ಮೇಲೆ ಇಳಿಯಿತು. ದೋಣಿಯ ಹಿಂದೆ ಮೀನುಗಳು ಸಾಲು ಹಿಡಿದು ಬಂದವು. ಮಳೆ ನಿಂತು ಗಾಳಿ ಬೀಸಿದ ಮೇಲೆ ನಾವಿಬ್ಬರೂ ಒಣಗಿದೆವು. ಒಣಗಿ ಗಟ್ಟಿಯಾದೆವು. ರಾಯರಿಗೆ ಬಾಯಿ ತೆರೆಯುವುದು ತ್ರಾಸಾಯಿತು. ಆ ದಿನ ಗಂಜಿಯಿಂದ ಆದ ಉಪಕಾರ ಅದೊಂದೇ.

ಬೀಸುಕಲ್ಲಿನ ಭಾರಕ್ಕೆ ದೋಣಿ ಮಗುಚಲಿಲ್ಲ. ಡಾಂಬರಿನಿಂದ ಒಂದು ಹನಿ ನೀರು ಒಳಗೆ ಬರಲಿಲ್ಲ. ಬೇಡದ ಊರಿಗೆ ಇಷ್ಟು ಸುರಕ್ಷಿತವಾಗಿ ಹೋದವರು ಯಾರೂ ಇರಲಿಕ್ಕಿಲ್ಲ.

ಹೊತ್ತು ಇಳಿಯುವಾಗ ಗಲಗಲಿ ಬಂತು. ಅಲ್ಲಿ ಹೊಳೆ ಒಂದು ಹೊರಳು ಹೊರಳಿ ನಮ್ಮನ್ನು ದಂಡೆಯ ಕೆಸರಿಗೆ ತಂದು ಒತ್ತಿತು. ಶ್ರಾವಣ ಸೋಮವಾರವೆಂದು ಊರಿನ ಹೆಂಗಸರು ತುಂಬಿದ ಹೊಳೆಗೆ ಪೂಜೆ ಮಾಡಲು ಬಂದಿದ್ದರು. ಅವರಿಗೆ ಕಂಡದ್ದು ಇಷ್ಟು: ಹೊಳೆಯ ನಡುವಿನಿಂದ ಒಂದು ಹಸಿರು ಸೀರೆ, ಕೆಂಪು ದಡಿ, ಸೆರಗು ಹಾರಿಸುತ್ತ, ನಿಂತುಕೊಂಡು ತಮ್ಮ ಕಡೆಗೇ ಬರುತ್ತಿದೆ. ಅದರ ಬುಡದಲ್ಲಿ ಮೈತುಂಬ ವಿಭೂತಿ ಬಡಿದುಕೊಂಡ ಇಬ್ಬರು, ಅಲುಗಾಡದೆ ಕೂತಿದ್ದಾರೆ.

"ಗಂಗವ್ವ ಬಂದ್ಲು!" ಒಬ್ಬ ಮುದುಕಿ ಕೂಗಿದಳು. "ಗಂಗವ್ವ ಎದ್ದು ಬಂದ್ಲ್ರೇ!"

ನಾನು ಎದ್ದು ನಿಂತು ನಿಜ ಹೇಳಿದೆ. "ಯವ್ವಾ, ಇದು ಗಂಗವ್ವ ಅಲ್ಲ. ನಾ ಬನಹಟ್ಟಿ ಈರಪ್ಪ. ಜವಳಕ್ಕ ಹೊಂಟೇನಿ."

"ನೀ ಯಾರರ ಆಗಪಾ, ಸರಿದು ನಿಂದರ. ಆರತಿ ಮಾಡಬೇಕು."

ಆರತಿ ಮಾಡಿದರು. ಹಾಯಿಗೆ ಕುಂಕುಮ ಹಚ್ಚಿದರು. ಸೆರಗಿನ ಮೂಲೆಯಲ್ಲಿ, ಎಮ್ಮೆ ತಿಂದ ಜಾಗದ ಪಕ್ಕಕ್ಕೇ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಅರಿವೆ ಇಟ್ಟು, ಮುತ್ತೈದೆಗೆ ಮಡಿಲು ತುಂಬುವಂತೆ ಉಡಿ ತುಂಬಿದರು. ರಾಯರನ್ನು ನೋಡಿ "ಸ್ವಾಮಿ, ನೀವೊಂದೀಟು ಮಂತ್ರಾ ಹೇಳ್ರಿ" ಎಂದರು. ರಾಯರು ಮುಖದ ಗಂಜಿ ಒಡೆದುಕೊಂಡು ಮಂತ್ರ ಹೇಳಿದರು. ತೆಂಗಿನಕಾಯಿ ಸಿಕ್ಕಿತು. ಈ ಗದ್ದಲದಲ್ಲಿ ಅವರೊಬ್ಬರಿಗೇ ಏನಾದರೂ ಲಾಭವಾದದ್ದು.

ಎಲ್ಲಾ ಮುಗಿದ ಮೇಲೆ ನಾನು ಕೇಳಿದೆ. "ಯವ್ವಾ, ಇನ್ನ ನನ್ನ ಹಾಯಿ ಬಿಚ್ಕೊಳ್ಳಲೇನು?"

ಮುದುಕಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಉಡಿ ತುಂಬಿದ ಸೀರಿ ಮನಿಗೆ ಒಯ್ತಾರೇನೋ? ಅದು ಗಂಗವ್ವಂದು ಆತು. ಹೊಳಿಗೆ ಬಿಡಬೇಕು."

ಒಬ್ಬ ಗಂಡಸು ಕುಡಗೋಲು ತಂದ. ನನ್ನ ಗಂಟಿಗೆ ಒಂದೇ ಏಟು. ನಾನು ಅರ್ಧ ದಿನ ಹಲ್ಲಿನಿಂದ ಕಚ್ಚಿದ್ದು ಒಂದೇ ಏಟಿಗೆ ಹೋಯಿತು. ಮೂರು ಸೀರೆಯ ಹಾಯಿ ಉಡಿ ಸಮೇತ ಹೊಳೆಗೆ ಇಳಿಯಿತು. ಬಹಳ ಚಂದ ತೇಲಿತು. ದೋಣಿಗಿಂತ ನೆಟ್ಟಗೆ ಹೋಯಿತು.

ಆ ರಾತ್ರಿ ಗಲಗಲಿಯವರು ರೊಟ್ಟಿ ಕೊಟ್ಟು ಮಲಗಿಸಿದರು. ಮರುದಿನ ಎದ್ದು ನೋಡಿದರೆ ಹೊಳೆ ಇಳಿದು ದೋಣಿ ನೀರಿನಿಂದ ನೂರು ಮಾರು ದೂರ, ಯಾರದೋ ಹೊಲದಲ್ಲಿ ಕೂತಿತ್ತು. ಹೊಲದವನು ಬೀಸುಕಲ್ಲನ್ನು ನೋಡಿ, "ಇದು ಹೊಲಕ್ಕ ಬಂದ ಲಕ್ಷ್ಮಿ" ಎಂದ. ನನಗೆ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ರಾಯರು ದೋಣಿಯ ಕಡೆಗೆ ತಿರುಗಿಯೂ ನೋಡದೆ ಚಕ್ಕಡಿ ಏರಿದರು. ಜಮಖಂಡಿಯಲ್ಲಿ ಇಳಿಯುವಾಗ, "ಮನ್ಯಾಗ ಕೇಳಿದ್ರ ನಾನೇ ನಡಿಸಿದೆ ಅಂತ ಹೇಳು" ಎಂದರು.

ಮೂರನೇ ದಿನ ನಸುಕಿನಲ್ಲಿ ನಾನು ರಬಕವಿಯ ದಂಡೆಯಲ್ಲಿದ್ದೆ. ಹಣಮಂತ ಕೂತಿದ್ದ. ತಲೆಗೆ ಹೊಸ ರುಮಾಲು ಸುತ್ತಿದ್ದ.

"ಬಾ, ಈರಪ್ಪ. ಹರಗೋಲ ಹೊರು. ಮ್ಯಾಲ ಒಂದು ಹರದಾರಿ ನಡೀಬೇಕು."

ಹೊತ್ತೆ. ನಡೆದೆ. ಹರಗೋಲಿನ ಒಳಗಿಂದಲೇ ಕೇಳಿದೆ.

"ಜವಳಾ ಏನಾತು?"

"ಆತಲ್ಲ. ಛಲೋ ಆತು."

"ನಾ ಇಲ್ಲದ ಹೆಂಗ ಆತು?"

ಹಣಮಂತ ನಿಧಾನವಾಗಿ ಹೇಳಿದ. ಗಾಳಿ ಎದ್ದದ್ದರಿಂದ ಅವನಿಗೆ ತಿರುಗಿ ಬರಲು ಆಗಿರಲಿಲ್ಲ, ಅಲ್ಲೇ ಉಳಿದಿದ್ದ. ನಾವಲಿಗ ಮಧ್ಯಾಹ್ನದವರೆಗೆ ಕಾದ. ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಅಕ್ಕ ಗೌರವ್ವನನ್ನು ಕೇಳಿದಳಂತೆ:

"ನನ್ನ ತಮ್ಮ ಎಲ್ಲಿ?"

"ಹ್ವಾದ್ರು."

"ಎಲ್ಲಿಗೆ?"

"ಕೆಳಗ."

ಅಕ್ಕ ಹೊಳೆಯನ್ನು ಒಂದು ಗಳಿಗೆ ನೋಡಿದಳಂತೆ. ಆಮೇಲೆ ಹಣಮಂತನ ಕಡೆಗೆ ತಿರುಗಿ, "ಹಣಮಂತ, ನೀ ಕೂಡು. ಹೊಳಿ ದಾಟಿ ಬಂದಾವನ ತಮ್ಮ" ಎಂದು ಮಗನನ್ನು ಅವನ ತೊಡೆಯ ಮೇಲೆ ಕೂಡಿಸಿಬಿಟ್ಟಳಂತೆ. ನಾವಲಿಗನ ಕತ್ತರಿಯಿಂದಲೇ ಮೊದಲ ಎಳೆ ತೆಗೆದನಂತೆ. ರುಮಾಲು ಉಡುಗೊರೆ ಬಂತಂತೆ. ಅದು ನಾನು ತೆಗೆದುಕೊಳ್ಳಬೇಕಾದ ರುಮಾಲು. ಅವನಿಗೆ ಒಪ್ಪುತ್ತಿತ್ತು.

ಹರಗೋಲು ತಿರುಗುತ್ತ ಹೋಗಿ ಅಕ್ಕನ ಊರ ಮುಂದೆ ಸರಿಯಾಗಿ ಹತ್ತಿತು. ನಾನು ಚೀಲಕ್ಕೆ ಕೈ ಹಾಕಿದೆ.

"ಬ್ಯಾಡ ಬ್ಯಾಡ" ಎಂದ ಹಣಮಂತ. "ನಮ್ಮಕ್ಕನ ಮನಿಗೆ ಬರಾವ್ರ ಹಂತ್ಯಾಕ ನಾ ರೊಕ್ಕಾ ತಗೋಳಂಗಿಲ್ಲ."

ಅಕ್ಕನ ಮನೆಯ ಬಾಗಿಲಿಗೆ ಹೋಗಿ ನಿಂತೆ. ಗೌರವ್ವ ಒಳಗೆ ಕೂತು ಅವರ ಬೀಸುಕಲ್ಲಿನಲ್ಲಿ ಜೋಳ ಬೀಸುತ್ತಿದ್ದಳು. ನನ್ನನ್ನು ನೋಡಿ ಬೀಸುವುದನ್ನು ನಿಲ್ಲಿಸಲಿಲ್ಲ. ಅಕ್ಕ ಹೊರಗೆ ಬಂದಳು. ಎರಡು ವರ್ಷ ನನ್ನ ಹತ್ತಿರ ಮಾತಾಡಿರದ ಅಕ್ಕ. ನನ್ನ ಗಡ್ಡದಲ್ಲಿ ಇನ್ನೂ ಉಳಿದಿದ್ದ ಗಂಜಿಯನ್ನು ಬಹಳ ಹೊತ್ತು ನೋಡಿದಳು. ತುಟಿ ಕಚ್ಚಿ ಹಿಡಿದಳು. ಹಿಡಿಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ.

"ಕಾಲ ತೊಳ್ಕೊಂಡು ಒಳಗ ಬಾ, ಬಾಡ್ಯಾ. ಹೋಳಗಿ ಉಳದಾವು."

ಒಳಗೆ ಹೋಗಿ ತಾಟಿನ ಮುಂದೆ ಕೂತೆ. ಬಾಳು ಬಂದು ಎದುರಿಗೆ ನಿಂತ. ತಲೆ ತಾಮ್ರದ ಚೆಂಬಿನಂತೆ ಹೊಳೆಯುತ್ತಿತ್ತು. ನನ್ನನ್ನು ಮೇಲೆ ಕೆಳಗೆ ನೋಡಿ ತಾಯಿಯ ಸೆರಗು ಎಳೆದ.

"ಯವ್ವಾ, ಇಂವ ಯಾರು?"

ಅಕ್ಕ ತುಪ್ಪದ ಗಿಂಡಿ ಹುಡುಕುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು.

"ಇಂವನಾ? ನಿಮ್ಮ ಹಣಮಂತ ಮಾಮಾನ ಹರಗೋಲದಾಗ ಬಂದಾಂವ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಇನ್ನೊಂದು ಹೋಳಿಗೆ ನೀಡಿಸಿಕೊಂಡೆ.